ಇಪ್ಪತ್ತು ಮೇಡಂ

ನಮ್ಮ ಅತ್ತಿಗೆಗೆ ನರ್ಸಿಂಗ್ ಸ್ಕೂಲಿನ ಹುಡುಗಿಯರು ಇಟ್ಟಿದ್ದ ಅಡ್ಡಹೆಸರು ಇಪ್ಪತ್ತು ಮೇಡಂ. ವಯಸ್ಸು ನೋಡಿ ಇಟ್ಟದ್ದಲ್ಲ. ಅತ್ತಿಗೆ ಇಪ್ಪತ್ತು ದಾಟಿದಾಗ ಆ ಹುಡುಗಿಯರ ಅಮ್ಮಂದಿರೇ ಇನ್ನೂ ಮೂಗು ಒರೆಸಿಕೊಂಡು ಶಾಲೆಗೆ ಹೋಗುತ್ತಿದ್ದರು. ಈ ಹೆಸರಿನ ಹಿಂದೆ ಒಂದು ಬೊಂಬೆಯ ಕಥೆಯಿದೆ, ಬೊಂಬೆಯ ಹಿಂದೆ ಒಬ್ಬ ಮುದುಕನ ಕಥೆಯಿದೆ. ಎರಡನ್ನೂ ಅವರು ಪ್ರತಿವರ್ಷ ಹೊಸ ಹುಡುಗಿಯರ ಮುಂದೆ ತಾವೇ ಹೇಳುತ್ತಿದ್ದರು. ಮೂರನೆಯದೊಂದು ಆಮೇಲೆ ಸೇರಿಕೊಂಡಿತು. ಅದು ಅರ್ಧ ನಡೆದದ್ದು ನನ್ನ ಅಂಗಡಿಯಲ್ಲಿ, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಟೈಲರ್. ಆಸ್ಪತ್ರೆಯ ಹಿಂದಿನ ಗೇಟಿನ ಎದುರಿಗೇ ನಮ್ಮ ಮನೆ. ಮುಂದಿನ ಕೋಣೆ ನನ್ನ ಅಂಗಡಿ, ಹಿಂದಿನ ಕೋಣೆಗಳಲ್ಲಿ ಸಂಸಾರ. ನರ್ಸಿಂಗ್ ಸ್ಕೂಲಿನ ಯೂನಿಫಾರ್ಮ್ ಹೊಲಿಯುವುದು ನಾನೇ. ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ, ಆ ಸ್ಕೂಲಿನಲ್ಲಿ ಟೀಚರ್. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎನ್ನುತ್ತಿದ್ದರು. ನಾನು ಈ ಮನೆಗೆ ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಹಾಗೇ ಅಡ್ಡಾಗಿದ್ದೆ. ಕಣ್ಣು ಬಿಟ್ಟರೆ ಅತ್ತಿಗೆ ಬಾಗಿಲಲ್ಲಿ ನಿಂತು ನನ್ನ ಎದೆಯನ್ನೇ ದಿಟ್ಟಿಸುತ್ತಿದ್ದಾರೆ, ಕೈಯಲ್ಲಿ ಗಡಿಯಾರ. ಬೆಚ್ಚಿಬಿದ್ದು ಎದ್ದು ಕೂತೆ. "ಏನಿಲ್ಲ, ಮಲ್ಕೋ. ಹದಿನಾಲ್ಕು. ಚೆನ್ನಾಗಿದೆ" ಎಂದು ಹೋಗಿಯೇಬಿಟ್ಟರು. ಹೊಸ ಸೊಸೆ ಬಂದರೆ ಬೇರೆ ಮನೆಗಳಲ್ಲಿ ಅವಳು ತಂದ ಒಡವೆ ಎಣಿಸುತ್ತಾರೆ, ನಮ್ಮ ಮನೆಯಲ್ಲಿ ಉಸಿರು ಎಣಿಸಿದರು. ಗಂಡನ ಹತ್ತಿರ ದೂರು ಹೇಳಿದರೆ, "ನಮ್ಮಕ್ಕ ಹಾಗೇ ಕಣೇ. ಚಿಕ್ಕೋನಿದ್ದಾಗಿಂದ ನನಗೆ ನಿದ್ದೇಲೂ ಹಾಜರಿ" ಎಂದು ನಕ್ಕರು.

ವರ್ಷಗಟ್ಟಲೆ ಅವರ ಪಾಠ ಊಟದ ಜೊತೆ ಕೇಳಿ ಕೇಳಿ ಈಗ ನನಗೂ ಅರ್ಧ ನರ್ಸಿಂಗ್ ಬರುತ್ತದೆ. ರೋಗಿಯ ಹಾಸಿಗೆಯ ಹತ್ತಿರ ಹೋದವರು ನಾಲ್ಕು ಸಂಗತಿ ನೋಡಿ ಚಾರ್ಟಿನಲ್ಲಿ ಬರೆಯಬೇಕು: ಮೈಕಾವು, ನಾಡಿ, ರಕ್ತದೊತ್ತಡ, ಉಸಿರು. ಮೊದಲ ಮೂರಕ್ಕೆ ಏನಾದರೊಂದು ಹಿಡಿಯಬೇಕು, ಮುಟ್ಟಬೇಕು, ಗಾಳಿ ಒತ್ತಬೇಕು. ನಾಲ್ಕನೆಯದಕ್ಕೆ ಏನೂ ಬೇಡ. ಒಂದು ಪೂರ್ತಿ ನಿಮಿಷ ಸುಮ್ಮನೆ ನಿಂತು ಎದೆ ಏಳುವುದನ್ನು ಎಣಿಸಿದರೆ ಸಾಕು. ಏನೂ ಬೇಡವಾದ್ದರಿಂದಲೇ ಅದನ್ನು ಯಾರೂ ಮಾಡುವುದಿಲ್ಲ. ನಿಮಿಷ ಎಷ್ಟು ಉದ್ದ ಎಂಬುದು ಸುಮ್ಮನೆ ನಿಂತವರಿಗೇ ಗೊತ್ತು. ಮನುಷ್ಯ ಕಣ್ಣೆದುರು ಮಲಗಿದ್ದಾನೆ, ಉಸಿರಾಡುತ್ತಿರುವಂತಿದೆ, ಪಕ್ಕದ ಹಾಸಿಗೆಯವನು ಕೂಗುತ್ತಿದ್ದಾನೆ. ನಂಬುವಂಥ ಅಂಕಿ ಎಂದು ಇಪ್ಪತ್ತು ಬರೆದು ಮುಂದೆ ಹೋಗುತ್ತಾರೆ. ಆ ಕಸುಬಿನವರೆಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸುಳ್ಳು ಅದು.

ಅತ್ತಿಗೆ ಆ ಸುಳ್ಳಿನ ಬೆನ್ನು ಹತ್ತಿದ್ದರು. ಅಭ್ಯಾಸದ ಕೋಣೆಯಲ್ಲಿ ಸಾಲಾಗಿ ಮಂಚ ಹಾಕಿಸಿ, ಹಳೆಯ ವಿದ್ಯಾರ್ಥಿನಿಯರನ್ನು ರೋಗಿಗಳಂತೆ ಮಲಗಿಸಿ, ನಡುವಿನ ಒಂದು ಮಂಚದ ಮೇಲೆ ಪಾಠಕ್ಕಿಟ್ಟಿದ್ದ ಆಳೆತ್ತರದ ಬೊಂಬೆಗೆ ಟೋಪಿ ಹಾಕಿ ಮೂಗಿನವರೆಗೆ ಕಂಬಳಿ ಹೊದಿಸಿಡುತ್ತಿದ್ದರು. "ಯಾರನ್ನೂ ಮುಟ್ಬೇಡಿ. ಉಸಿರು ಮಾತ್ರ ಎಣಿಸಿ ಬರ್ಕೊಂಡ್ ಬನ್ನಿ" ಎಂದು ಹೊಸ ಹುಡುಗಿಯರನ್ನು ಬಿಡುತ್ತಿದ್ದರು. ಎಲ್ಲರ ಹಾಗೆ ಬೊಂಬೆಗೂ ಇಪ್ಪತ್ತು ಬರುತ್ತಿತ್ತು. ಸ್ವಲ್ಪ ಚುರುಕಾದವರು, ನಿಜವೆನ್ನಿಸಲಿ ಎಂದು, ಹದಿನೆಂಟು ಬರೆಯುತ್ತಿದ್ದರು. ಒಬ್ಬ ಮಹಾತಾಯಿ "ರೋಗಿ ಆರಾಮಾಗಿ ನಿದ್ರಿಸುತ್ತಿದ್ದಾರೆ" ಎಂದು ಷರಾ ಬೇರೆ ಹಾಕಿದ್ದಳಂತೆ. ಅತ್ತಿಗೆ ಕಂಬಳಿ ಎಳೆಯುತ್ತಿದ್ದರು. ಕೋಣೆ ತುಂಬ ನಗು. ನಗು ಪೂರ್ತಿ ನಿಲ್ಲುವವರೆಗೆ ಕಾದು, ಮುದುಕನ ಕಥೆ ಶುರು ಮಾಡುತ್ತಿದ್ದರು.

ಅವರು ಆಗ ವಿದ್ಯಾರ್ಥಿನಿ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಮುದುಕ, ಯಾವಾಗಲೂ ಮುಸುಕು ಹಾಕಿ ಮಲಗುವವನು. ಬೆಳಗಿನ ಸರದಿಯಲ್ಲಿ ಅವನ ಉಸಿರು ನೋಡಿ ಬರೆಯಬೇಕಿತ್ತು. ಗೆಳತಿಯರು ತಿಂಡಿಗೆ ಕರೆಯುತ್ತಿದ್ದರು. ಬಾಗಿಲಿನಿಂದಲೇ ನೋಡಿ ಇಪ್ಪತ್ತು ಎಂದು ಬರೆದು ಓಡಿದರು. ಹಿಂದೆಯೇ ಬಂದ ಮೇಟ್ರನ್ ಮುಸುಕು ತೆಗೆದರೆ ಮುದುಕ ತಣ್ಣಗಾಗಿದ್ದ, ಎಷ್ಟೋ ಹೊತ್ತು ಮುಂಚೆಯೇ. ಮೇಟ್ರನ್ ಬೈಯಲಿಲ್ಲ. "ಎಷ್ಟು ಬರ್ದೆ?" ಎಂದರು. "ಇಪ್ಪತ್ತು." "ಮಗಳು ಬರ್ತಾರೆ. ಅವರಿಗೆ ಇದನ್ನ ನಿನ್ನ ಬಾಯಿಂದ ನೀನೇ ಹೇಳು." ಮಗಳು ಬಂದಳು, ಇವರು ಹೇಳಿದರು. ಮಗಳು ಅತ್ತು ಮುಗಿಸಿ, ಇವರ ತಲೆ ಸವರಿ, "ಹೋಗ್ಲಿ ಬಿಡಮ್ಮ, ನಿಂಗೂ ಚಿಕ್ಕ ವಯಸ್ಸು" ಅಂದಳಂತೆ.

ಅಷ್ಟೇ ಕಥೆ. ಆದರೆ ಅತ್ತಿಗೆಯ ಇಡೀ ಬಾಳು ಅದರ ಮೇಲೆ ನಿಂತಿತ್ತು. ತಪ್ಪು ಯಾರದೋ ಅವರ ಬಾಯಿಂದಲೇ, ನೋವು ತಿಂದವರ ಮುಖಕ್ಕೇ ಹೇಳಬೇಕು. ಹಾಗೆ ಹೇಳಿದವಳು ಮತ್ತೊಮ್ಮೆ ಅದನ್ನು ಮಾಡುವುದಿಲ್ಲ ಎಂಬುದು ಅವರ ನಂಬಿಕೆ. ನಂಬಿಕೆ ಎಂದರೆ ಅಂತಿಂಥದ್ದಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ನಮ್ಮ ಅತ್ತಿಗೆ. ಮೊದಲ ದಿನವೇ ಟೀಚರು ತಾನು ಸತ್ತವನಿಗೆ ಉಸಿರು ಬರೆದೆ ಎಂದು ಒಪ್ಪಿಕೊಂಡರೆ ಆಸ್ಪತ್ರೆಯ ಮಾನವೇನಾಗಬೇಕು ಎಂದು ಹೊಸ ಪ್ರಿನ್ಸಿಪಾಲರು ಒಮ್ಮೆ ಗೊಣಗಿದರು. "ಆಸ್ಪತ್ರೆ ಮಾನ ಅಷ್ಟು ತೆಳ್ಳಗಿದ್ರೆ ಹರಿದೇ ಹೋಗ್ಲಿ ಸಾರ್, ನಮ್ಮ ಮನೇಲಿ ಟೈಲರ್ ಇದ್ದಾಳೆ" ಎಂದರಂತೆ ಇವರು. ಪ್ರಿನ್ಸಿಪಾಲರು ಅದನ್ನು ಮರೆಯಲಿಲ್ಲ.

ಆ ಪ್ರಿನ್ಸಿಪಾಲರು ಬಂದ ವರ್ಷ ಸೇರಿದ ಹುಡುಗಿಯರಲ್ಲಿ ಒಬ್ಬಳಿದ್ದಳು. ಪಿಸು ಎಂದು ಕರೆಯುತ್ತಿದ್ದರು, ಯಾಕೆಂದರೆ ಅವಳು ಮಾತಾಡುತ್ತಿದ್ದುದೆಲ್ಲ ಪಿಸುಮಾತು. ಅವಳ ಯೂನಿಫಾರ್ಮನ್ನು ನಾನು ಎರಡೆರಡು ಸಲ ಬಿಚ್ಚಿ ಒಳಗೆ ಹಿಡಿದು ಹೊಲಿದಿದ್ದೇನೆ, ಅಷ್ಟು ಸಣಕಲಿ. ಬೊಂಬೆಯ ಪರೀಕ್ಷೆಯಲ್ಲಿ ಎಲ್ಲರೂ ಇಪ್ಪತ್ತು ಬರೆದಾಗ ಇವಳೊಬ್ಬಳು ಹಾಸಿಗೆಯ ಪಕ್ಕ ನಿಂತೇ ಇದ್ದಳಂತೆ. ಕೊನೆಗೆ ಅತ್ತಿಗೆಯ ಹತ್ತಿರ ಬಂದು ಏನೋ ಅಂದಳು, ಯಾರಿಗೂ ಕೇಳಿಸಲಿಲ್ಲ. "ಏನಮ್ಮಾ?" "ಇವರು ಉಸಿರಾಡ್ತಿಲ್ಲ ಮೇಡಂ." ಆವತ್ತು ಅತ್ತಿಗೆ ಮನೆಗೆ ಬಂದವರು ಚಪ್ಪಲಿ ಬಿಡುವ ಮುಂಚೆಯೇ ನನಗೆ ಇದನ್ನು ಹೇಳಿದರು. ಅಷ್ಟು ವರ್ಷದಲ್ಲಿ ಬೊಂಬೆಯನ್ನು ಹಿಡಿದ ಮೊದಲ ಹುಡುಗಿ ಅವಳು.

ಅಲ್ಲಿಂದ ಪಿಸು ನಮ್ಮ ಮನೆಯ ಹುಡುಗಿಯಾದಳು. ಅವಳ ದನಿ ಬಿಡಿಸುವುದು ಅತ್ತಿಗೆಯ ಹಟ. ನಾನು ಮಿಶನ್ ತುಳಿಯುತ್ತಿರಬೇಕು, ಅವಳು ಹಿಂದಿನ ಕೋಣೆಯಲ್ಲಿ ನಿಂತು ಪಾಠ ಓದಬೇಕು, ಅದು ನನಗೆ ಕೇಳಿಸಬೇಕು. "ಕೇಳಿಸ್ತೇನೇ?" ಎಂದು ಅತ್ತಿಗೆ ಕೂಗಿದರೆ, ಪಾಪ ಎನ್ನಿಸಿ ನಾನು "ಹೂಂ ಹೂಂ, ಬೀದಿಗೆಲ್ಲ ಕೇಳಿಸ್ತಿದೆ" ಎನ್ನುತ್ತಿದ್ದೆ. ನಿಜವಾಗಿ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಆದರೆ ಕೈ ಮಾತ್ರ ಬಂಗಾರ. ಅವಳು ಸೂಜಿ ಚುಚ್ಚಿದರೆ ಮಕ್ಕಳೂ ಅಳುತ್ತಿರಲಿಲ್ಲ. ಅತ್ತಿಗೆಗೆ ಅವಳ ಮೇಲಿದ್ದ ಪ್ರೀತಿ ನೋಡಿ ನನಗೆ ಒಳಗೊಳಗೇ ಹೊಟ್ಟೆಯುರಿಯೂ ಆಗಿದ್ದುಂಟು.

ಅವಳು ಕೊನೆಯ ವರ್ಷದಲ್ಲಿದ್ದಾಗ ಆ ಸಂಗತಿ ನಡೆಯಿತು. ಒಬ್ಬ ಪೇಂಟರ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದ. ಆಪರೇಷನ್ ಆಯಿತು. ನೋವಿಗೆ ಬಲವಾದ ಇಂಜೆಕ್ಷನ್ ಕೊಟ್ಟು ವಾರ್ಡಿಗೆ ತಂದರು. ಆ ಇಂಜೆಕ್ಷನ್ ಕೆಲವರ ಉಸಿರನ್ನು ಮೆಲ್ಲಮೆಲ್ಲಗೆ ಕಡಿಮೆ ಮಾಡುತ್ತಾ ಹೋಗುತ್ತದಂತೆ. ಮೈ ಬಿಸಿಯಿರುತ್ತದೆ, ನಾಡಿ ಇರುತ್ತದೆ, ಗೊರಕೆ ಬೇರೆ ಬರುತ್ತದೆ. ನೋಡಿದವರಿಗೆ ಒಳ್ಳೆಯ ನಿದ್ದೆ. ಎಣಿಸಿದವರಿಗೆ ಮಾತ್ರ ತಿಳಿಯುತ್ತದೆ. ಹೊತ್ತಿಗೆ ಸರಿಯಾಗಿ ಹಿಡಿದರೆ ಅದಕ್ಕೆ ಮರುಮದ್ದೂ ಇದೆ. ಅದಕ್ಕೇ ಅಂಥವರ ಉಸಿರನ್ನು ಮತ್ತೆ ಮತ್ತೆ ಎಣಿಸಬೇಕೆಂಬ ನಿಯಮ.

ಆ ಮಧ್ಯಾಹ್ನ ವಾರ್ಡಿನ ಸಿಸ್ಟರನ್ನು ಮ್ಯಾನೇಜ್‌ಮೆಂಟಿನವರು ಯಾವುದೋ ಮೀಟಿಂಗಿಗೆ ಕರೆಸಿಕೊಂಡಿದ್ದರು. ತುಂಬಿದ ವಾರ್ಡಿಗೆ ಒಬ್ಬಳೇ ಒಬ್ಬಳು ವಿದ್ಯಾರ್ಥಿನಿ, ಪಿಸು. ಅವಳು ಪೇಂಟರನ ಹಾಸಿಗೆಯ ಹತ್ತಿರ ಬರುವ ಹೊತ್ತಿಗೆ ಆ ತುದಿಯಲ್ಲಿ ಒಬ್ಬ ರಕ್ತ ಕಾರಿಕೊಳ್ಳುತ್ತಿದ್ದ. ಪೇಂಟರ್ ಗೊರಕೆ ಹೊಡೆಯುತ್ತಿದ್ದ. ಅವನ ಹೆಂಡತಿ ಪಕ್ಕದಲ್ಲಿ ಕೂತು, "ಈಗ ಕಣ್ಣು ಹತ್ತಿದೆ ಸಿಸ್ಟರ್, ಎಬ್ಬಿಸ್ಬೇಡಿ" ಎಂದಳು. ಪಿಸು ನಾಡಿ ಹಿಡಿದು ನೋಡಿದಳು. ಉಸಿರಿನ ಜಾಗದಲ್ಲಿ ಇಪ್ಪತ್ತು ಎಂದು ಬರೆದಳು. ಓಡಿದಳು. ವಾಪಸು ಬಂದಾಗ ಪೇಂಟರನ ತುಟಿ ನೀಲಿಯಾಗಿತ್ತು. ಡಾಕ್ಟರು ಬಂದರು, ಹೆಂಡತಿಯನ್ನು ಹೊರಗೆ ಕಳಿಸಿ ಏನೇನೋ ಮಾಡಿದರು, ಅವನು ಉಳಿಯಲಿಲ್ಲ.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಅತ್ತಿಗೆ ಆವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದರು, ತಲೆನೋವಿರಬೇಕು ಅಂದುಕೊಂಡೆ. ಸುಮಾರು ದಿನ ಕಳೆದ ಮೇಲೆ ಒಬ್ಬ ಹೆಂಗಸು ಗಂಡಸರ ಶರಟುಗಳ ಗಂಟು ಹಿಡಿದುಕೊಂಡು ಅಂಗಡಿಗೆ ಬಂದಳು. ಮಗನ ಅಳತೆಗೆ ಚಿಕ್ಕದು ಮಾಡಿಕೊಡಬೇಕಂತೆ. ಒಂದರ ತೋಳಿನ ತುದಿಯಲ್ಲಿ ಹಸಿರು ಬಣ್ಣ ಮೆತ್ತಿತ್ತು. ಅದನ್ನು ಕತ್ತರಿಸಿ ತೆಗೆಯಲೇ ಎಂದೆ. "ಬೇಡ, ಅದಿರ್ಲಿ. ಮಡಚಿ ಒಳಗೆ ಹೊಲೀರಿ" ಎಂದಳು. ಬಿಸಿಲಲ್ಲಿ ಬಂದಿದ್ದಳು, ಮುಖ ಬಾಡಿತ್ತು. ನೀರು ಕೊಟ್ಟೆ. ಲೋಟವನ್ನು ನೋಡಿ ಮುಖ ತಿರುಗಿಸಿಬಿಟ್ಟಳು.

"ತಪ್ಪು ತಿಳ್ಕೋಬೇಡಿ ಅಕ್ಕ. ನಂಗೆ ನೀರು ಗಂಟಲಲ್ಲಿ ಇಳಿಯಲ್ಲ" ಎಂದಳು. ಆಮೇಲೆ, ಕೇಳದೆಯೇ ಹೇಳಿದಳು. "ಆಪರೇಷನ್ ಆದ್ಮೇಲೆ ನೀರು ಕೊಡ್ಬೇಡಿ ಅಂದಿದ್ರು. ಇವರು ನಾಲಿಗೆ ಒಣಗುತ್ತೆ, ಒಂಚೂರು ಕೊಡೇ ಕೊಡೇ ಅಂದ್ರು. ನೋಡಕ್ಕಾಗ್ಲಿಲ್ಲ. ಎರಡೇ ಚಮಚ ಹಾಕ್ದೆ. ಆಮೇಲೆ ಒಳ್ಳೆ ನಿದ್ದೆ ಬಂತು ಅಂತ ನಾನೇ ಗಾಳಿ ಹಾಕ್ತಾ ಕೂತಿದ್ದೆ. ನಾನೇ ಕೊಂದುಬಿಟ್ಟೆ ಅಕ್ಕ."

"ಹಾಗಂತ ಯಾರು ಹೇಳಿದ್ದು?"

"ಆಸ್ಪತ್ರೆಯವರೇ. ಬೇಡ ಅಂದಿದ್ವಲ್ಲ, ಯಾಕ್ ಕೊಟ್ರಿ ಅಂದ್ರು. ಚಾರ್ಟಲ್ಲಿ ಎಲ್ಲಾ ಸರಿಯಾಗೇ ಇತ್ತಂತೆ."

ಅಂದಿನ ಊಟದ ಹೊತ್ತಿಗೆ ಇದನ್ನು ಅತ್ತಿಗೆಗೆ ಹೇಳಿದೆ. ಕಲಸುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು. ಅವರು ಎಲ್ಲವನ್ನೂ ಹೇಳಿದರು. ಪಿಸು ಅದೇ ದಿನ ಅವರ ಕಾಲ ಹತ್ತಿರ ಕುಸಿದು ಕೂತು, ಎಣಿಸಲಿಲ್ಲ ಎಂದು ಒಪ್ಪಿಕೊಂಡಿದ್ದಳು. ಅತ್ತಿಗೆ ಡಾಕ್ಟರನ್ನು ಕೇಳಿದ್ದರು. ನೀರು ಶ್ವಾಸಕೋಶಕ್ಕೆ ಹೋದ ಗುರುತೇ ಇರಲಿಲ್ಲ, ಇಂಜೆಕ್ಷನ್ನಿನ ಕೆಲಸವೇ ಅದು ಎಂದು ಡಾಕ್ಟರು ಗೋಡೆ ನೋಡಿಕೊಂಡು ಹೇಳಿದ್ದರು. ಪ್ರಿನ್ಸಿಪಾಲರು ಇಬ್ಬರನ್ನೂ ಕೂರಿಸಿಕೊಂಡು, "ಆ ಹೆಂಗಸೇ ನೀರು ಕೊಟ್ಟೆ ಅಂತ ಒಪ್ಕೊಂಡಿದ್ದಾಳೆ. ಚಾರ್ಟ್ ಸರಿಯಾಗಿದೆ. ಹುಡುಗಿ ಭವಿಷ್ಯ ಇದೆ, ಸ್ಕೂಲಿನ ಹೆಸರಿದೆ. ನೀವ್ಯಾಕೆ ಕೆದಕ್ತೀರಿ?" ಎಂದಿದ್ದರು. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎಂಬ ಗಾದೆ ಕೇಳಿದ್ದೆ. ಆ ಮೇಕೆ ನನ್ನ ಅಂಗಡಿಗೆ ಬಂದು, ತಿಂದದ್ದು ನಾನೇ ಎಂದು ಅತ್ತು ಹೋಗಿತ್ತು.

"ಸರಿ, ನಾಳೆ ಬೆಳಗ್ಗೆ ಹೋಗಿ ಅವಳಿಗೆ ಹೇಳಿ ಬನ್ನಿ" ಎಂದೆ.

"ನಾನು ಹೇಳೋದಲ್ಲ. ಅವಳ ಬಾಯಿಂದ ಬರ್ಬೇಕು."

"ಯಾರ ಬಾಯಿಂದ ಬಂದ್ರೇನು ಅತ್ತಿಗೆ? ಆ ಹೆಂಗಸಿನ ಕಿವಿಗೆ ಬಿದ್ರೆ ಸಾಕಲ್ವಾ?"

"ನಿಂಗೆ ಅರ್ಥ ಆಗಲ್ಲ. ನಾನು ಹೇಳ್ಬಿಟ್ರೆ ಪಿಸು ಬದುಕಿರೋವರೆಗೂ ಬಚ್ಚಿಟ್ಕೊಂಡವಳಾಗೇ ಉಳೀತಾಳೆ. ಅವಳೇ ಹೇಳ್ಲಿ. ಹೇಳ್ತಾಳೆ. ಅವಳು ಬೊಂಬೇನ ಹಿಡಿದವಳು."

ನನ್ನ ಗಂಡ ತಲೆಯೆತ್ತದೆ ಉಣ್ಣುತ್ತಿದ್ದರು. ಅಕ್ಕನಿಗೂ ಹೆಂಡತಿಗೂ ನಡುವೆ ಮಾತು ಬಿದ್ದಾಗ ಅವರಿಗೆ ಹಸಿವು ಜಾಸ್ತಿ.

ಪಿಸು ಬರುತ್ತಿದ್ದಳು. ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತಿಗೆ ಬರುವವರೆಗೆ ಬೆರಳು ನೋಡಿಕೊಳ್ಳುತ್ತಿದ್ದಳು. ಒಳಗೆ ಇಬ್ಬರೂ ಮಾತಾಡುತ್ತಿದ್ದರು. ಹೋಗುವಾಗ "ನಾಳೆ ಹೇಳ್ತೀನಿ ಮೇಡಂ" ಎಂದು ಬಾಗಿಲಲ್ಲಿ ಅನ್ನುತ್ತಿದ್ದಳು, ಅವಳ ಪಾಲಿಗೆ ಅದೇ ದೊಡ್ಡ ದನಿ. ನಾಳೆ ಬರುತ್ತಿತ್ತು, ಅವಳು ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅತ್ತಿಗೆಗೆ ಅದು ಬಿಸಿ ತುಪ್ಪ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಕನ್ನಡಿ ಪಕ್ಕದ ಮೊಳೆಯಲ್ಲಿ ತೂಗುಹಾಕುತ್ತಿದ್ದ, ನರ್ಸುಗಳ ಪಿನ್ ಗಡಿಯಾರವನ್ನು ಬೆಳಗ್ಗೆ ಎದೆಗೆ ಸಿಕ್ಕಿಸಿಕೊಳ್ಳದೆ ಹೊರಟು, ಗೇಟಿನಿಂದ ಹಿಂದಿರುಗಿ ಬರುವುದನ್ನು ನಾನು ನೋಡುತ್ತಿದ್ದೆ. ಕನಿಕರವೂ ಆಗುತ್ತಿತ್ತು, ಹಿಡಿದು ಅಲ್ಲಾಡಿಸಿಬಿಡಬೇಕು ಎನ್ನುವಷ್ಟು ಕೋಪವೂ ಬರುತ್ತಿತ್ತು. ಮುದುಕನ ಕಥೆಯಲ್ಲಿ ಅವರು ಒಂದು ಸಂಗತಿ ಮರೆತಿದ್ದರು. ಆ ಮುದುಕ ಇವರು ಬಾಗಿಲಿಗೆ ಬರುವ ಮೊದಲೇ ಸತ್ತಿದ್ದ. ಎಣಿಸಿದ್ದರೂ ಏಳುತ್ತಿರಲಿಲ್ಲ. ಅವನ ಮಗಳಿಗೆ ಕ್ಷಮಿಸುವುದು ಸುಲಭವಾಗಿತ್ತು.

ಶರಟುಗಳು ತಯಾರಾಗಿ ಕೂತವು. ಹೆಂಗಸು ಬರಲಿಲ್ಲ. ಕೊನೆಗೆ ಒಂದು ದಿನ ಅವಳ ಅಕ್ಕ ಬಂದಳು.

"ಅವಳು ಹೊರಗೆ ಬರೋದನ್ನೇ ಬಿಟ್ಟಿದ್ದಾಳೆ. ಅವಳ ಅತ್ತೆ ಅವಳ ಕೈಯಿಂದ ನೀರು ಮುಟ್ತಿಲ್ಲ. ನನ್ನ ಮಗನಿಗೆ ಕೊಟ್ಟಿದ್ದು ಸಾಲ್ದಾ ಅಂತಾರೆ. ಮೊನ್ನೆ ಮಗ ನೀರು ಕೇಳಿದ್ರೆ, ಇವಳೇ ಹೆದ್ರಿ, ನೀನೇ ತಗೊಂಡು ಕುಡಿ, ನನ್ನ ಕೈಯಿಂದ ಬೇಡ ಅಂದ್ಲು. ಹೆತ್ತ ತಾಯಿ ಹೇಳೋ ಮಾತಾ ಅದು?"

ನನ್ನ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟೆ. "ಶರಟು ನಾನೇ ತಂದುಕೊಡ್ತೀನಿ" ಎಂದು ಅವಳನ್ನು ಕಳಿಸಿ, ಅಂಗಡಿಯ ಬಾಗಿಲು ಎಳೆದುಕೊಂಡು, ಜೀವಮಾನದಲ್ಲಿ ಮೊದಲ ಸಲ ನರ್ಸಿಂಗ್ ಸ್ಕೂಲಿನ ಒಳಗೆ ಹೋದೆ. ಅತ್ತಿಗೆ ಅಭ್ಯಾಸದ ಕೋಣೆಯಲ್ಲಿ ಬೊಂಬೆಗೆ ಹೊದಿಕೆ ಬದಲಾಯಿಸುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ, ಅತ್ತಿಗೆಗೆ ನಾನು ಎಂದೂ ಆಡದ ದನಿಯಲ್ಲಿ, "ಇವತ್ತು ನಿಮ್ಮ ಹುಡುಗಿ ಹೇಳ್ತಾಳೋ, ನೀವು ಹೇಳ್ತೀರೋ, ಇಲ್ಲ ನಾನೇ ಹೇಳ್ಲೋ?" ಎಂದೆ. ಅವರು ಹೊದಿಕೆಯ ಮೂಲೆಯನ್ನು ಬೊಂಬೆಯ ಎದೆಯ ಮೇಲೆ ಮಡಚಿಟ್ಟರು. "ಪಿಸುನ ಕರೀತೀನಿ" ಎಂದರು.

ಮೂವರೂ ಹೋದೆವು. ನಾನು ಶರಟಿನ ಪೊಟ್ಟಣ ಹಿಡಿದುಕೊಂಡಿದ್ದೆ. ಪೇಂಟರನ ಮನೆ ನೆಲಮಹಡಿಯ ಒಂದು ಕೋಣೆ ಮತ್ತು ಅಡುಗೆಮನೆ. ಹೊರಗೋಡೆಗೆ ಏಣಿ ಇನ್ನೂ ಒರಗಿಸಿಟ್ಟೇ ಇತ್ತು. ಒಳಗೆ ಬಣ್ಣದ ಡಬ್ಬಗಳು ಸಾಲಾಗಿ, ಬ್ರಶ್ಶುಗಳು ಒಣಗಿ ಬಿರುಸಾಗಿ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಪಿಸುಳ ಯೂನಿಫಾರ್ಮ್ ನೋಡಿ ಗುರುತು ಹಿಡಿದಳು.

"ಇವಳು ನಿಮಗೆ ಒಂದು ವಿಷಯ ಹೇಳ್ಬೇಕು" ಎಂದು ಅತ್ತಿಗೆ ಹಿಂದೆ ಸರಿದರು.

ಪಿಸು ಬಾಯಿ ತೆರೆದಳು. ತುಟಿ ಅಲ್ಲಾಡಿತು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ.

"ಏನಂತೆ? ನಂಗೆ ಕಿವಿ ಕೇಳಲ್ಲ, ಜೋರಾಗಿ ಹೇಳು!" ಎಂದಳು ಮುದುಕಿ.

ಪಿಸು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ, ಹೇಳು ಎಂಬಂತೆ, ತಲೆಯಾಡಿಸಿದರು. ಹುಡುಗಿ ಮತ್ತೊಮ್ಮೆ ಅಂದಳು. ಮುದುಕಿ ಕಿವಿಗೆ ಅಂಗೈ ಅಡ್ಡ ಹಿಡಿದು, "ಏನು? ಏನು?" ಎಂದು ಕುರ್ಚಿಯಿಂದ ಮುಂದೆ ಬಾಗಿದಳು. ಆಗ ಆ ಸಣಕಲಿಯ ಒಳಗಿಂದ ನಾನು ಎಂದೂ ಕೇಳದ ದನಿ ಹೊರಬಿತ್ತು.

"ನಾನು ಎಣಿಸ್ಲಿಲ್ಲ ಅಜ್ಜಿ! ನಿಮ್ಮ ಮಗನ ಉಸಿರು ನಿಲ್ತಾ ಇತ್ತು, ನಾನು ಎಣಿಸದೆ ಇಪ್ಪತ್ತು ಅಂತ ಸುಳ್ಳು ಬರ್ದೆ! ಎಣಿಸಿದ್ರೆ ಗೊತ್ತಾಗ್ತಿತ್ತು! ಇವರ ನೀರಿಂದ ಅಲ್ಲ! ನೀರಿಂದ ಏನೂ ಆಗಿಲ್ಲ!"

ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಪಿಸು ಬಣ್ಣದ ಡಬ್ಬಗಳ ಪಕ್ಕ ಕುಸಿದು ಕೂತು, ಈಗಷ್ಟೇ ಸಿಕ್ಕಿದ ದನಿಯಲ್ಲಿ ಅಳತೊಡಗಿದಳು. ನನಗೂ ಕಣ್ಣು ತುಂಬಿ ಬಂತು.

ಪೇಂಟರನ ಹೆಂಡತಿ ಅವಳ ಕಡೆ ನೋಡಲೇ ಇಲ್ಲ. ಅತ್ತಿಗೆಯ ಹತ್ತಿರ ಬಂದಳು. "ನೀರಿಂದ ಅಲ್ವಾ?" ಎಂದಳು.

"ಅಲ್ಲಮ್ಮ. ಡಾಕ್ಟರನ್ನೂ ಕೇಳಿದ್ದೀನಿ. ಇಂಜೆಕ್ಷನ್‌ನಿಂದ ಉಸಿರು ನಿಧಾನ ಆಗಿತ್ತು. ನಾವು ನೋಡ್ಬೇಕಿತ್ತು, ನೋಡ್ಲಿಲ್ಲ."

"ಎರಡು ಚಮಚ ಹಾಕಿದ್ನಲ್ಲ, ಅದ್ರಿಂದ ಅಲ್ವಾ?"

"ಅಲ್ಲ."

ಅವಳು ಅತ್ತೆಯ ಕಡೆ ತಿರುಗಿದಳು. ಮುದುಕಿ ಮುಖ ಕೆಳಗೆ ಹಾಕಿ ಕುರ್ಚಿಯ ಕೈ ಸವರುತ್ತಿದ್ದಳು. ಇನ್ನು ಈ ಹೆಂಗಸು ಪಿಸುಳ ತಲೆ ಸವರುತ್ತಾಳೆ, ಮುದುಕನ ಮಗಳ ಹಾಗೆ, ಎಂದು ಅತ್ತಿಗೆ ಕಾಯುತ್ತಿದ್ದರೆಂದು ನನಗೆ ಅನ್ನಿಸುತ್ತದೆ. ಆದರೆ ಅವಳು ಬೇರೆಯೇ ಕೇಳಿದಳು.

"ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಅತ್ತಿಗೆ ಸುಳ್ಳು ಹೇಳಬಹುದಿತ್ತು. "ಆವತ್ತೇ" ಎಂದರು.

"ಆವತ್ತೇ?" ಅವಳ ದನಿ ಮೇಲೇರಲಿಲ್ಲ. "ಗೊತ್ತಿದ್ದೂ ಇಷ್ಟು ದಿನ?"

"ಇವಳ ಬಾಯಿಂದಲೇ ಬರ್ಲಿ ಅಂತ ಕಾಯ್ತಾ ಇದ್ದೆ. ಇವಳು ಕಲೀಬೇಕಿತ್ತು."

"ಇವಳು ಕಲೀಲಿ ಅಂತ ನಾನು ಬೇಯ್ಬೇಕಿತ್ತಾ? ನನ್ನ ಮಗ ಕೇಳಿದ್ರೂ ನೀರು ಕೊಡ್ತಿರ್ಲಿಲ್ಲ ನಾನು. ಇವಳಾದ್ರೆ ಚಿಕ್ಕ ಹುಡುಗಿ, ಹೆದ್ರಿದ್ಲು. ನಿಮಗೇನಾಗಿತ್ತು ಧಾಡಿ?"

ಅತ್ತಿಗೆ ಪಿಸುಳನ್ನು ಎಬ್ಬಿಸಲು ಬಾಗಿದರು.

"ನೀವು ಹೊರಗೆ ಹೋಗಿ" ಎಂದಳು ಅವಳು. ಪಿಸುಳ ಹತ್ತಿರ ಹೋಗಿ, "ನೀನಿರು. ಕೊನೇಲಿ ಅವರು ಹೇಗಿದ್ರು, ಏನಾದ್ರೂ ಅಂದ್ರಾ, ಹೇಳು. ನನ್ನ ಹೊರಗೆ ಕಳಿಸಿದ್ರು. ನೋಡಿದ್ದು ನೀನೇ ತಾನೆ" ಎಂದಳು. ತಲೆ ಸವರಲಿಲ್ಲ. ಸಮಾಧಾನದ ಮಾತೂ ಆಡಲಿಲ್ಲ. ಎದುರಿಗೆ ನೆಲದ ಮೇಲೆ ಕೂತಳು, ಅಷ್ಟೇ.

ಅತ್ತಿಗೆ ಮೆಟ್ಟಿಲ ಮೇಲೆ ಏಣಿಯ ಪಕ್ಕ ಕೂತರು. ನಾನು ಶರಟಿನ ಪೊಟ್ಟಣ ಒಳಗಿಟ್ಟು ಬಂದು ಅವರ ಜೊತೆ ಕೂತೆ. ಅವರು ತೊಡೆಯ ಮೇಲಿನ ತಮ್ಮ ಕೈಗಳನ್ನೇ ನೋಡುತ್ತಾ, "ನಾನೂ ಈ ಹೆಂಗಸನ್ನ ದೂರದಿಂದಲೇ ನೋಡಿ ಬರ್ದೆ ಅಲ್ವೇನೇ?" ಎಂದರು. ಹೌದು ಎಂದೆ. ಅಲ್ಲ ಎಂದಿದ್ದರೆ ಅದೂ ಇನ್ನೊಂದು ಇಪ್ಪತ್ತು ಆಗುತ್ತಿತ್ತು.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಪೇಂಟರನ ಹೆಂಡತಿ ದೂರು ಕೊಟ್ಟಳು, ಕೊಡಬೇಕಾದದ್ದೇ. ವಿಚಾರಣೆಯಲ್ಲಿ ಪಿಸು ಎಲ್ಲರಿಗೂ ಕೇಳುವಂತೆ ಮಾತಾಡಿದಳಂತೆ. ಅವಳನ್ನು ಒಂದು ವರ್ಷ ಹೊರಗಿಟ್ಟರು. ಅತ್ತಿಗೆ, ತುಂಬಿದ ವಾರ್ಡಿಗೆ ಒಂದು ಮಗುವನ್ನು ಬಿಟ್ಟು ಮೀಟಿಂಗ್ ಮಾಡಿದವರು ಯಾರು ಎಂದು ಕೇಳಿದರು; ತಾವು ತಿಳಿದೂ ಸುಮ್ಮನಿದ್ದುದನ್ನೂ ಹೇಳಿದರು. ಎರಡನೆಯದನ್ನು ಮಾತ್ರ ಬರೆದುಕೊಂಡು, ಸ್ವಂತ ಇಚ್ಛೆಯಿಂದ ನಿವೃತ್ತರಾಗಿ ಎಂದರು. ವಾರ್ಡಿಗೆ ಇನ್ನೊಬ್ಬ ಸಿಸ್ಟರನ್ನು ಹಾಕಿದರೇ? ಇಲ್ಲ. ಗೋಡೆಗೆ ಹೊಸ ಬಣ್ಣ ಹೊಡೆಸಿದರು.

ಅತ್ತಿಗೆ ಮನೆಯಲ್ಲಿ ಕೂತರು. ಗಡಿಯಾರ ಮೊಳೆಯಲ್ಲೇ ಉಳಿಯಿತು. ಬಹಳ ದಿನ ಯಾರ ಉಸಿರನ್ನೂ ಎಣಿಸಲಿಲ್ಲ. ನಾನು ಬೇಕೆಂದೇ ಮಧ್ಯಾಹ್ನ ಅವರ ಕಣ್ಣಿಗೆ ಬೀಳುವ ಹಾಗೆ ಮಲಗಿ ನೋಡಿದೆ, ಉಪಯೋಗವಾಗಲಿಲ್ಲ. ನನ್ನ ಗಂಡ, "ಅಕ್ಕ, ಊಟ" ಎಂದರೆ ಬಂದು ಕೂರುವರು, ಅಷ್ಟೇ. ಕೊನೆಗೆ ಒಂದು ಡಬ್ಬಿ ಗುಂಡಿ ಮುಂದಿಟ್ಟು, "ಸುಮ್ನೆ ಕೂರೋ ಬದ್ಲು ಇದನ್ನಾದ್ರೂ ಹಚ್ಚಿ" ಎಂದೆ. ಹಚ್ಚತೊಡಗಿದರು. ಅದರಲ್ಲೂ ಅದೇ ಹಟ, ಅವರು ಹಚ್ಚಿದ ಗುಂಡಿ ಬಟ್ಟೆ ಹರಿದರೂ ಬೀಳುತ್ತಿರಲಿಲ್ಲ.

ಹೊಸ ವರ್ಷದ ಹುಡುಗಿಯರು ಯೂನಿಫಾರ್ಮಿನ ಅಳತೆಗೆ ಬಂದರು. ಅಂಗಡಿ ತುಂಬ ಗಲಾಟೆ. ನಾನು ಒಬ್ಬಳ ಎದೆಯ ಸುತ್ತ ಟೇಪು ಹಿಡಿದೆ. ಅಳತೆ ಕೊಡುವಾಗ ಎಲ್ಲರೂ ಮಾಡುವ ಹಾಗೆ ಅವಳು ಉಸಿರು ಬಿಗಿಹಿಡಿದಳು. ಮೂಲೆಯಿಂದ ಅತ್ತಿಗೆಯ ದನಿ ಬಂತು. "ಉಸಿರು ಬಿಡಮ್ಮ. ಹಿಡ್ಕೊಂಡ್ರೆ ಅಳತೆ ಸುಳ್ಳಾಗುತ್ತೆ."

ಹುಡುಗಿಯರು ತಿರುಗಿ ನೋಡಿದರು. ಗುಂಡಿ ಹಚ್ಚುವ ಮುದುಕಿ ಎಂದುಕೊಂಡಿರಬೇಕು. ಅತ್ತಿಗೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮುದುಕನ ಕಥೆ ಹೇಳಿದರು. ಆಮೇಲೆ ಸ್ವಲ್ಪ ತಡೆದು, ಪೇಂಟರನ ಕಥೆ. ಅವರು ಅದನ್ನು ಹುಡುಗಿಯರ ಮುಂದೆ ಹೇಳಿದ್ದು ಅದೇ ಮೊದಲು. ವಿದ್ಯಾರ್ಥಿನಿಯೊಬ್ಬಳು ಎಣಿಸಲಿಲ್ಲ, ಆಕೆಯ ಟೀಚರಿಗೆ ತಿಳಿದಿತ್ತು, ಟೀಚರ್ ಸುಮ್ಮನಿದ್ದರು, ಆ ಟೀಚರ್ ನಾನೇ ಎಂದರು.

ಬಾಗಿಲಲ್ಲಿ ಯಾರೋ ನಿಂತಂತೆ ನೆರಳು ಬಿತ್ತು. ತಿರುಗಿದರೆ ಪೇಂಟರನ ಹೆಂಡತಿ, ಕೈಯಲ್ಲಿ ಒಂದೇ ಒಂದು ಶರಟು. ಎಷ್ಟು ಹೊತ್ತಿಂದ ನಿಂತಿದ್ದಳೋ. ಅತ್ತಿಗೆ ಎದ್ದು ನಿಂತರು, ಮಡಿಲಲ್ಲಿದ್ದ ಗುಂಡಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಒಳಗೆ ಹೋಗಿಬಿಡಲು ಹೊರಟರು.

"ನೀರಿನ ವಿಷಯ ಬಿಟ್ಬಿಟ್ರಿ" ಎಂದಳು ಅವಳು.

ಅತ್ತಿಗೆ ನಿಂತರು.

"ಸುಮ್ಮನಿದ್ದೆ ಅಂದ್ರಿ, ಸರಿ. ನೀವು ಸುಮ್ಮನಿದ್ದಾಗ ನಾನು ಏನ್ ಮಾಡ್ತಿದ್ದೆ, ಅದು ಹೇಳ್ಲಿಲ್ಲ. ಎರಡು ಚಮಚ ಹಾಕಿದ್ದು ಹೇಳಿ. ನನ್ನ ಅತ್ತೆ ನನ್ನ ಕೈನೀರು ಬಿಟ್ಟಿದ್ದು ಹೇಳಿ. ಮಗನಿಗೆ ನೀನೇ ತಗೊಂಡು ಕುಡಿ ಅಂದಿದ್ದನ್ನೂ ಹೇಳಿ. ಇವರು ನಾಳೆ ವಾರ್ಡಿಗೆ ಹೋಗೋರು. ಪೂರ್ತಿ ಕೇಳ್ಲಿ."

ಅವಳು ಶರಟನ್ನು ನನ್ನ ಮೇಜಿನ ಮೇಲಿಟ್ಟಳು. ಪಿಸು ಕೂರುತ್ತಿದ್ದ ಸ್ಟೂಲನ್ನು ಎಳೆದುಕೊಂಡು, ಕೇಳುವವರ ಜೊತೆ ಕೂತಳು. ಒಬ್ಬಳು ಹುಡುಗಿ ನೆಲದ ಗುಂಡಿಗಳನ್ನು ಆರಿಸತೊಡಗಿದಳು. ಅತ್ತಿಗೆ ಮತ್ತೆ ತಮ್ಮ ಜಾಗದಲ್ಲಿ ಕೂತು, ಕಥೆಯನ್ನು ಇನ್ನೊಮ್ಮೆ ಹೇಳಿದರು. ಈ ಸಲ ನೀರಿನಿಂದಲೇ ಶುರುಮಾಡಿದರು.